ಓರೆಗೆರೆಯ ಆಚೆ ಈಚೆ: ಫೈಲುಗಳ ವಿಳಾಸಪಟ್ಟಿಯನ್ನು ಬಿಡಿಸುವ ಕುರಿತು ಒಂದು ಸಂವಾದ

ಕಂಪ್ಯೂಟರಿನಲ್ಲಿ ಕೂಡಿಟ್ಟ ಪ್ರತಿಯೊಂದು ಫೈಲಿಗೂ ಒಂದು ಪೂರ್ಣ ವಿಳಾಸವಿರುತ್ತದೆ. ಯಾವ ಫೋಲ್ಡರಿನೊಳಗೆ ಯಾವ ಫೋಲ್ಡರ್, ಅದರೊಳಗೆ ಯಾವ ಹೆಸರಿನ ಫೈಲು ಎಂಬುದನ್ನು ಓರೆಗೆರೆಗಳಿಂದ ಜೋಡಿಸಿ ಹೇಳುವ ಈ ವಿಳಾಸಕ್ಕೆ ಬಳಕೆಯಲ್ಲಿ ಪಾಥ್ ಎನ್ನುತ್ತಾರೆ. ಹತ್ತಾರು ಫೈಲುಗಳಿದ್ದಾಗ ಈ ವಿಳಾಸಗಳ ಕಡೆ ಯಾರ ಗಮನವೂ ಹೋಗುವುದಿಲ್ಲ. ಸಾವಿರಾರು ಫೈಲುಗಳಾಗಿ, ಅವನ್ನು ಊರು, ವರ್ಗ, ಸರ್ವೆ ನಂಬರ್ ಎಂದು ವಿಂಗಡಿಸಿ ಕೋಷ್ಟಕ ಮಾಡಬೇಕಾದಾಗ ಮಾತ್ರ ಪ್ರತಿ ವಿಳಾಸವನ್ನೂ ಎಲ್ಲೆಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಕೆಳಗಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಶಾಸನಚಿತ್ರ, ಪಹಣಿ, ನಕ್ಷೆಗಳ ಪ್ರತಿಗಳನ್ನು ಒಟ್ಟುಮಾಡುವ ಹಿರಿಯ ಅಧ್ಯಾಪಕರೊಬ್ಬರು, ಮತ್ತು ಅವರ ಬಳಿ ಓದಿ ಮುಂದೆ ಪ್ರೋಗ್ರಾಮಿಂಗ್ ಕಲಿತ ಶಿಷ್ಯರೊಬ್ಬರು. ಇಬ್ಬರ ಮುಂದಿರುವುದು ಇಂಥ ಸಾಲುಗಳ ಒಂದು ಪಟ್ಟಿ:

/ಸಂಗ್ರಹ/ಲಿಂಗಸುಗೂರು/ಮಸ್ಕಿ/ಶಾಸನ/ಅಶೋಕನ ಶಾಸನ-1.ಜೆಪಿಜಿ
/ಸಂಗ್ರಹ/ಮಸ್ಕಿ/ಶಾಸನ/ಅಶೋಕನ ಶಾಸನ-2.ಜೆಪಿಜಿ
/ಸಂಗ್ರಹ/ಸಿಂಧನೂರು/ಜವಳಗೇರಾ/ಪಹಣಿ/೪೫-೨.ಪಿಡಿಎಫ್
/ಸಂಗ್ರಹ/ಸಿಂಧನೂರು/ಆರ್.ಎಚ್. ಕ್ಯಾಂಪ್-3/ಪಹಣಿ/45-2.ಪಿಡಿಎಫ್
/ಸಂಗ್ರಹ/ಲಿಂಗಸುಗೂರು/ಹಟ್ಟಿ/ನಕ್ಷೆ/ಚಿನ್ನದ ಗಣಿ.ಪಿಡಿಎಫ್

ಹಿರಿಯರು: ಓದುವ ಕಣ್ಣಿಗೆ ಈ ಸಾಲುಗಳಲ್ಲಿ ಗೊಂದಲವೇನೂ ಇಲ್ಲ, ಮಸ್ಕಿ ಊರು, ಶಾಸನ ವರ್ಗ, ಉಳಿದದ್ದು ಫೈಲಿನ ಹೆಸರು ಎಂಬುದು ನೋಡಿದೊಡನೆ ತಿಳಿಯುತ್ತದೆ. ಇಷ್ಟು ಸರಳವಾದುದನ್ನು ಯಂತ್ರಕ್ಕೆ ತಿಳಿಸಲು ಪ್ರತ್ಯೇಕ ಸೂತ್ರವೊಂದು ಏಕೆ ಬೇಕು, ತಮ್ಮಾ?

ಕಿರಿಯರು: ಗುರುಗಳೇ, ತಮ್ಮ ಕಣ್ಣು ಓದುತ್ತಿರುವುದು ಸಾಲನ್ನು ಮಾತ್ರವಲ್ಲ, ರಾಯಚೂರು ಜಿಲ್ಲೆಯ ಬಗ್ಗೆ ತಮಗಿರುವ ತಿಳಿವಳಿಕೆಯನ್ನೂ ಅದು ಜೊತೆಗೆ ಬಳಸಿಕೊಳ್ಳುತ್ತಿದೆ. ಯಂತ್ರಕ್ಕೆ ಆ ತಿಳಿವಳಿಕೆ ಇಲ್ಲ. ಅದರ ಮುಂದಿರುವುದು ಒಂದರ ಹಿಂದೆ ಒಂದು ಬರುವ ಸಂಕೇತಗಳ ಸಾಲು ಅಷ್ಟೆ. ಆ ಸಾಲಿನಲ್ಲಿ ಹುಡುಕಬೇಕಾದ ಭಾಗದ ಆಕಾರ ಹೇಗಿರುತ್ತದೆ ಎಂಬುದನ್ನು ಕೆಲವೇ ಚಿಹ್ನೆಗಳಲ್ಲಿ ವರ್ಣಿಸುವ ಸೂತ್ರಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಜೆಕ್ಸ್, ಎಂದು ಹೆಸರು. ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ನರತಂತುಗಳ ಗಣಿತೀಯ ಮಾದರಿಯೊಂದನ್ನು ವಿವೇಚಿಸುವಾಗ ಈ ಕಲ್ಪನೆಯನ್ನು ರೂಪಿಸಿದರು. ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅದನ್ನು ಪಠ್ಯ ಹುಡುಕುವ ಪ್ರೋಗ್ರಾಮಾಗಿ ಪರಿವರ್ತಿಸುವ ಬಗೆಯನ್ನು ತೋರಿಸಿದರು. ಯುನಿಕ್ಸ್ ವ್ಯವಸ್ಥೆಯ ಮೂಲ ನಿರ್ಮಾತೃಗಳಲ್ಲಿ ಒಬ್ಬರೂ ಅವರೇ ಆದ್ದರಿಂದ, ಓರೆಗೆರೆಯ ವಿಳಾಸವೂ ಅದನ್ನು ಬಿಡಿಸುವ ಸೂತ್ರವೂ ಒಂದೇ ಮನೆಯಲ್ಲಿ ಬೆಳೆದವೆಂದರೆ ತಪ್ಪಾಗದು.

ಹಿರಿಯರು: ಹಾಗಾದರೆ ಸೂತ್ರಕ್ಕೆ ಹೇಳಬೇಕಾದುದು ಒಂದೇ ಮಾತಲ್ಲವೇ? ಓರೆಗೆರೆ ಕಂಡಲ್ಲೆಲ್ಲ ಕತ್ತರಿಸು ಎಂದರೆ ಕೆಲಸ ಮುಗಿಯಿತು.

ಕಿರಿಯರು: ಬಹುಮಟ್ಟಿಗೆ ಮುಗಿಯುತ್ತದೆ, ಆದರೆ ಒಂದು ತೊಡಕು ಉಳಿಯುತ್ತದೆ. ವಿಳಾಸ ಓರೆಗೆರೆಯಿಂದಲೇ ಆರಂಭವಾಗುವುದರಿಂದ ಮೊದಲ ಗೆರೆಯ ಹಿಂದೆ ಏನೂ ಇಲ್ಲದ ಒಂದು ಖಾಲಿ ತುಂಡು ಹುಟ್ಟಿಕೊಳ್ಳುತ್ತದೆ. ಎಲ್ಲಾದರೂ ಎರಡು ಗೆರೆಗಳು ಒತ್ತಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಇನ್ನೊಂದು. ಎರಡನೆಯ ಅಂಕಣ ತಾಲ್ಲೂಕು ಎಂದುಕೊಂಡು ಕೋಷ್ಟಕ ಮಾಡಿದರೆ ಅಂಥ ಸಾಲುಗಳೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿದು ಕೂರುತ್ತವೆ. ಆದ್ದರಿಂದ ಗೆರೆಯನ್ನು ಹುಡುಕುವ ಬದಲು ಗೆರೆಗಳ ನಡುವಿನದನ್ನು ಹುಡುಕುವುದು ಮೇಲು. ಅದರ ಸೂತ್ರ ಇಷ್ಟೆ:

[^/]+

ಚೌಕ ಕಂಸ ಎಂದರೆ ‘ಇದರೊಳಗೆ ಹೇಳಿದ ಗುಂಪಿಗೆ ಸೇರಿದ ಒಂದು ಸಂಕೇತ’ ಎಂದರ್ಥ. ಅದರೊಳಗೆ ಮೊದಲಿಗೇ ಬರುವ ^ ಚಿಹ್ನೆ ಆ ಅರ್ಥವನ್ನು ತಿರುಗಿಸಿ ‘ಈ ಗುಂಪಿಗೆ ಸೇರದ ಒಂದು ಸಂಕೇತ’ ಎಂದು ಮಾಡುತ್ತದೆ. ಕೊನೆಯ + ಚಿಹ್ನೆ ‘ಅಂಥದು ಒಂದಾದರೂ ಇರಲಿ, ಎಷ್ಟಾದರೂ ಇರಲಿ’ ಎನ್ನುತ್ತದೆ. ಒಟ್ಟಾರೆ, ಓರೆಗೆರೆಯಲ್ಲದ ಸಂಕೇತಗಳ ಎಡೆಬಿಡದ ಸರಣಿ ಎಂದಾಯಿತು. ಖಾಲಿ ತುಂಡಿಗೆ ಇಲ್ಲಿ ಜಾಗವೇ ಇಲ್ಲ.

ಹಿರಿಯರು: ಸೂತ್ರ ಚೊಕ್ಕವಾಗಿದೆ. ಆದರೂ ಒಂದು ಆಕ್ಷೇಪವಿದೆ. ಊರಿನ ಹೆಸರು ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ; ಅದು ಅಕ್ಷರಗಳಿಂದ ಆಗಿರುತ್ತದೆ. ಹೆಸರು ಏನಲ್ಲ ಎಂಬುದನ್ನು ಹೇಳುವುದಕ್ಕಿಂತ ಏನು ಎಂಬುದನ್ನು ನೇರವಾಗಿ ಹೇಳಿದರೆ ಹೆಚ್ಚು ಸ್ಪಷ್ಟವಾಗುವುದಿಲ್ಲವೇ? ಅಕ್ಷರಗಳ ಸರಣಿಯನ್ನು ಹುಡುಕು ಎನ್ನುವ ಚಿಹ್ನೆ ಸೂತ್ರಭಾಷೆಯಲ್ಲಿ ಇದ್ದೇ ಇರಬೇಕು.

ಈ ಆಕ್ಷೇಪ ಸಹಜವಾದುದು, ಇಂಗ್ಲಿಷಿನಲ್ಲಿ ಬರೆದ ಪಠ್ಯಪುಸ್ತಕಗಳೂ ಸಾಮಾನ್ಯವಾಗಿ ಅದೇ ದಾರಿಯನ್ನು ಮೊದಲು ಕಲಿಸುತ್ತವೆ. ಆದರೆ ಕನ್ನಡದ ಹೆಸರುಗಳ ವಿಷಯದಲ್ಲಿ ಅದು ಎಷ್ಟು ಅಪಾಯಕರ ಎಂಬುದನ್ನು ಒಂದೆರಡು ಹೆಸರುಗಳನ್ನು ಹತ್ತಿರದಿಂದ ನೋಡದೆ ತಿಳಿಯಲಾಗದು.

ಕಿರಿಯರು: ಅಂಥ ಚಿಹ್ನೆ ಇದೆ, ಗುರುಗಳೇ. ಬಲಕ್ಕೆ ಬಾಗಿದ ಓರೆಗೆರೆಗೆ ವಿರುದ್ಧವಾದ ಹಿಂಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್, ಬರೆದು ಅದರ ಮುಂದೆ ಇಂಗ್ಲಿಷಿನ ಡಬ್ಲ್ಯು ಅಕ್ಷರವನ್ನಿಟ್ಟರೆ ‘ಪದದಲ್ಲಿ ಬರಬಹುದಾದ ಅಕ್ಷರ, ಅಂಕಿ ಅಥವಾ ಅಡಿಗೆರೆ’ ಎಂದರ್ಥ. ಪೈಥಾನ್ ಭಾಷೆಯ ಜೊತೆಗೇ ಬರುವ ರೆಜೆಕ್ಸ್ ಸಾಧನಕ್ಕೆ ಈ ಚಿಹ್ನೆಯನ್ನು + ಸಮೇತ ಕೊಟ್ಟು ‘ಸಿಂಧನೂರು’ ಎಂಬ ಹೆಸರಿನಲ್ಲಿ ಪದಗಳನ್ನು ಹುಡುಕು ಎಂದರೆ ಅದು ಮೂರು ತುಂಡುಗಳನ್ನು ತಂದುಕೊಡುತ್ತದೆ: ಸ, ಧನ, ರ. ಮಸ್ಕಿಯಿಂದ ಮಸ ಮತ್ತು ಕ ಎಂಬ ಎರಡು ಬರುತ್ತವೆ. ಲಿಂಗಸುಗೂರು ಒಡೆದು ಲ, ಗಸ, ಗ, ರ ಎಂದು ನಾಲ್ಕಾಗುತ್ತದೆ.

ಹಿರಿಯರು: ಇದು ಹೆಸರನ್ನು ಬಿಡಿಸುವುದಲ್ಲ, ಹರಿದುಹಾಕುವುದು! ಗುಣಿತದ ಗುರುತುಗಳೂ ಅನುಸ್ವಾರವೂ ಒತ್ತಕ್ಷರವೂ ಎಲ್ಲಿ ಹೋದವು?

ಕಿರಿಯರು: ಅವೇ ಕತ್ತರಿಯಾದವು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಆ ಪದ್ಧತಿ ಪ್ರತಿ ಸಂಕೇತಕ್ಕೂ ಒಂದು ವರ್ಗವನ್ನು ಗೊತ್ತುಪಡಿಸುತ್ತದೆ: ಸ, ಧ, ನ, ರ ಇವು ‘ಅಕ್ಷರ’ ವರ್ಗದವು, ಇಕಾರದ ಗುಡಿಸು, ಊಕಾರದ ಕೊಂಬು, ಅನುಸ್ವಾರದ ಸೊನ್ನೆ, ವ್ಯಂಜನದ ಅಕಾರವನ್ನು ಕಳೆದು ಒತ್ತಿಗೆ ದಾರಿಮಾಡುವ ಹಲಂತ ಇವೆಲ್ಲ ಅಕ್ಷರಕ್ಕೆ ಅಂಟಿಕೊಳ್ಳುವ ‘ಗುರುತು’ ವರ್ಗದವು. ಪೈಥಾನಿನ ಆ ಸಾಧನ ಪದದ ಸಂಕೇತವೆಂದು ಒಪ್ಪುವುದು ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ, ಗುರುತುಗಳನ್ನಲ್ಲ. ಆದ್ದರಿಂದ ಸಿಂಧನೂರಿನ ಎಂಟು ಸಂಕೇತಗಳಲ್ಲಿ ನಾಲ್ಕು ಹೆಸರಿನಿಂದ ಹೊರಗೆ ಬೀಳುತ್ತವೆ. ಪರ್ಲ್ ಭಾಷೆಯಲ್ಲಿ ಗುರುತುಗಳೂ ಪದಕ್ಕೆ ಸೇರುತ್ತವೆಯಾದ್ದರಿಂದ ಅಲ್ಲಿ ಹೆಸರು ಇಡಿಯಾಗಿ ಉಳಿಯುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅದೇ ಚಿಹ್ನೆ ಇಂಗ್ಲಿಷಿನ ಅಕ್ಷರ, ಅಂಕಿ, ಅಡಿಗೆರೆಗಳಿಗಷ್ಟೇ ಸೀಮಿತವಾಗಿರುವುದರಿಂದ ಸಿಂಧನೂರಿನಲ್ಲಿ ಪದವೇ ಇಲ್ಲ ಎಂಬ ಉತ್ತರ ಬರುತ್ತದೆ. ಒಂದೇ ಚಿಹ್ನೆ, ಒಂದೇ ಊರು, ಮೂರು ಭಾಷೆಗಳಲ್ಲಿ ಮೂರು ಉತ್ತರ.

ಹಿರಿಯರು: ಕಾಗುಣಿತ ಕಲಿತ ಯಾರಿಗೇ ಆಗಲಿ ‘ಸಿಂ’ ಎಂಬುದು ಒಂದೇ ಅಕ್ಷರ, ‘ನೂ’ ಒಂದು, ‘ರು’ ಒಂದು. ಯಂತ್ರ ಅದನ್ನು ಒಪ್ಪದಿರುವುದು ಕನ್ನಡಕ್ಕೆ ಮಾಡಿದ ಅನ್ಯಾಯವಲ್ಲವೇ?

ಕಿರಿಯರು: ಅನ್ಯಾಯವೇ. ಗುಣಿತಾಕ್ಷರವನ್ನು ಎರಡು ಮೂರು ಸಂಕೇತಗಳಾಗಿ ಕೂಡಿಡುವುದರಲ್ಲಿ ದೋಷವಿಲ್ಲ, ಅದು ಸಂಕೇತಗಳ ಪಟ್ಟಿಯಲ್ಲಿ ಜಾಗ ಉಳಿಸುವ ಜಾಣ ಏರ್ಪಾಡು. ಆದರೆ ಪದ ಎಂದರೇನು ಎಂಬ ವ್ಯಾಖ್ಯೆಯಿಂದ ಅವನ್ನು ಹೊರಗಿಟ್ಟವರು ಕನ್ನಡ, ತೆಲುಗು, ಹಿಂದಿ, ತಮಿಳುಗಳಂಥ ಲಿಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ ಎಂಬುದು ಸ್ಪಷ್ಟ. ಪರಿಹಾರಗಳು ಇವೆ, ಗುರುತು ವರ್ಗವನ್ನು ಹೆಸರಿಸಿ ಸೇರಿಸಿಕೊಳ್ಳುವ ಸೌಕರ್ಯ ಹಲವು ಭಾಷೆಗಳಲ್ಲಿ ಬಂದಿದೆ. ವ್ಯಂಜನಗಳ ವ್ಯಾಪ್ತಿಯನ್ನು [ಕ-ಹ] ಎಂದೂ ಸೂಚಿಸಬಹುದು, ಮತ್ತು ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳಕಾರ ಯುನಿಕೋಡಿನ ಕ್ರಮದಲ್ಲಿ ಲಕಾರದ ಪಕ್ಕದಲ್ಲೇ ಇರುವುದರಿಂದ ಅದೂ ಈ ವ್ಯಾಪ್ತಿಯೊಳಗೆ ಬಂದುಬಿಡುತ್ತದೆ. ಆದರೆ ಹೆಸರಿನಲ್ಲಿ ಏನೇನು ಬರಬಹುದು ಎಂಬ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಸ್ವರ, ವ್ಯಂಜನ, ಗುರುತು, ಅಂಕಿ, ಅಡ್ಡಗೆರೆ, ಚುಕ್ಕೆ, ನಡುವಿನ ಖಾಲಿ ಜಾಗ, ಆವರಣ ಚಿಹ್ನೆ ಇವೆಲ್ಲ ಸೇರಿದ ಮೇಲೂ ಯಾರೋ ಒಬ್ಬರು ಹೆಸರಿನಲ್ಲಿ ಅಲ್ಪವಿರಾಮ ಬಳಸಿರುತ್ತಾರೆ. ಹೆಸರಿನಲ್ಲಿ ಏನಿರಬಾರದು ಎಂಬುದಾದರೋ ವ್ಯವಸ್ಥೆಯೇ ಹಾಕಿದ ಕಟ್ಟುಪಾಡು: ಯುನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ಫೈಲಿನ ಹೆಸರಿನೊಳಗೆ ಓರೆಗೆರೆಯೂ ಶೂನ್ಯ ಬೈಟೂ ಬರುವಂತಿಲ್ಲ, ಉಳಿದ ಎಲ್ಲವೂ ಬರಬಹುದು. [^/]+ ಎಂಬ ಸೂತ್ರ ಆ ಕಟ್ಟುಪಾಡೊಂದನ್ನೇ ನಂಬಿ ನಿಂತಿದೆ. ಹೆಸರಿಟ್ಟವರ ಅಭ್ಯಾಸವನ್ನು ಅದು ನಂಬುವುದಿಲ್ಲ. ಹಾಗಾಗಿಯೇ ಅದಕ್ಕೆ ಸಿಂಧನೂರೂ ಒಂದೇ, ಯಾವ ಲಿಪಿಯ ಯಾವ ಊರೂ ಒಂದೇ.

ಹಿರಿಯರು: ಒಂದು ಸಂದೇಹ. ಕನ್ನಡದ ಒಂದು ಸಂಕೇತ ಕೂಡಿಡುವಾಗ ಮೂರು ಬೈಟುಗಳಾಗುತ್ತದೆ ಎನ್ನುತ್ತಾರೆ. ಆ ಮೂರರಲ್ಲಿ ಒಂದು ಆಕಸ್ಮಿಕವಾಗಿ ಓರೆಗೆರೆಯ ಬೈಟಿನಂತೆಯೇ ಇದ್ದರೆ ಅಕ್ಷರದ ನಡುವೆಯೇ ಕತ್ತರಿ ಬೀಳುವುದಿಲ್ಲವೇ?

ಕಿರಿಯರು: ಬೀಳುವುದಿಲ್ಲ, ಮತ್ತು ಅದು ಅದೃಷ್ಟವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಈಗಿನ ಕ್ರಮಕ್ಕೆ ಮುಂಚೆ ಇದ್ದ ಒಂದು ಬರಹಕ್ರಮದಲ್ಲಿ ತಾವು ಹೇಳಿದ ಅನಾಹುತ ಆಗುವಂತಿತ್ತು. ಬಹುಬೈಟಿನ ಸಂಕೇತದ ಒಳಗೆ ಓರೆಗೆರೆಯ ಬೈಟು ಕಾಣಿಸಿಕೊಳ್ಳಬಹುದಾಗಿತ್ತು. 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇಬ್ಬರೂ ಸೇರಿ ರೂಪಿಸಿದ ಯುಟಿಎಫ್-8 ಕ್ರಮದಲ್ಲಿ ಬಹುಬೈಟಿನ ಸಂಕೇತಗಳ ಯಾವ ಬೈಟೂ 128ಕ್ಕಿಂತ ಕಡಿಮೆಯಿರುವುದಿಲ್ಲ. ಓರೆಗೆರೆಯ ಬೆಲೆ 47. ಆ ಕ್ರಮಕ್ಕೆ ಆರಂಭದಲ್ಲಿ ಇದ್ದ ಹೆಸರೇ ಫೈಲ್ ವ್ಯವಸ್ಥೆಗೆ ಸುರಕ್ಷಿತವಾದ ರೂಪಾಂತರ ಎಂಬ ಅರ್ಥದ್ದು. ರೆಜೆಕ್ಸನ್ನು ಪ್ರೋಗ್ರಾಮಾಗಿಸಿದ ವ್ಯಕ್ತಿಯೇ ಕಾಲು ಶತಮಾನದ ನಂತರ ಓರೆಗೆರೆಯನ್ನು ಕಾಪಾಡುವ ಬರಹಕ್ರಮವನ್ನೂ ರೂಪಿಸಿದ್ದರಿಂದಲೇ ಜವಳಗೇರಾ, ಗೋರೇಬಾಳದಂಥ ಊರುಗಳ ಹೆಸರನ್ನು ಇಂದು ಕನ್ನಡದಲ್ಲೇ ನೆಮ್ಮದಿಯಾಗಿ ಫೋಲ್ಡರಿಗೆ ಇಡಲು ಸಾಧ್ಯವಾಗಿದೆ. ಬೆಲೆ ತೆರಬೇಕಾದುದು ಉದ್ದದಲ್ಲಿ: ಲಿನಕ್ಸಿನ ಸಾಮಾನ್ಯ ಫೈಲ್ ವ್ಯವಸ್ಥೆಗಳಲ್ಲಿ ಒಂದು ಹೆಸರು 255 ಬೈಟುಗಳನ್ನು ಮೀರುವಂತಿಲ್ಲವಾದ್ದರಿಂದ ಕನ್ನಡದ ಹೆಸರಿಗೆ 85 ಸಂಕೇತಗಳಷ್ಟೇ ದಕ್ಕುತ್ತವೆ, ಸಿಂಧನೂರು ಒಂದೇ 24 ಬೈಟುಗಳನ್ನು ತಿನ್ನುತ್ತದೆ.

ಹಿರಿಯರು: ತುಂಡುಗಳು ಸಿಕ್ಕವು. ಇನ್ನು ಯಾವ ತುಂಡು ಊರು, ಯಾವುದು ವರ್ಗ ಎಂದು ಹೇಳಬೇಕು. ಮೊದಲನೆಯದು ಸಂಗ್ರಹ, ಎರಡನೆಯದು ತಾಲ್ಲೂಕು, ಮೂರನೆಯದು ಊರು ಎಂದು ಎಡದಿಂದ ಎಣಿಸಿದರೆ ಸಾಕಲ್ಲವೇ?

ಕಿರಿಯರು: ಪಟ್ಟಿಯ ಮೊದಲ ಎರಡು ಸಾಲುಗಳನ್ನು ತಾವೇ ನೋಡಿ. ಮೊದಲನೆಯದರಲ್ಲಿ ಮೂರನೆಯ ತುಂಡು ಮಸ್ಕಿ. ಎರಡನೆಯದರಲ್ಲಿ ಮೂರನೆಯ ತುಂಡು ಶಾಸನ.

ಹಿರಿಯರು: ಕಾರಣ ತಿಳಿಯಿತು. ಮಸ್ಕಿ ಬಹುಕಾಲ ಲಿಂಗಸುಗೂರು ತಾಲ್ಲೂಕಿನೊಳಗೇ ಇತ್ತು. ಅದು ತಾನೇ ತಾಲ್ಲೂಕು ಕೇಂದ್ರವಾದದ್ದು 2010ರ ದಶಕದ ಕೊನೆಯಲ್ಲಿ. ಹಳೆಯ ಚಿತ್ರಗಳು ಹಳೆಯ ಆಡಳಿತದ ಕ್ರಮದಲ್ಲಿ ಕೂತಿವೆ, ಹೊಸವು ಹೊಸ ಕ್ರಮದಲ್ಲಿ. ಲಿಂಗಸುಗೂರೇ ಒಂದು ಕಾಲಕ್ಕೆ ನಿಜಾಮರ ರಾಜ್ಯದ ಜಿಲ್ಲಾಕೇಂದ್ರವಾಗಿತ್ತು ಎಂಬುದನ್ನು ನೆನೆದರೆ ಇನ್ನೂ ಹಿಂದಿನ ಕಾಗದಗಳಲ್ಲಿ ಇಡೀ ಶ್ರೇಣಿಯೇ ಬೇರೆಯಾಗಿರುತ್ತದೆ.

ಕಿರಿಯರು: ಆದ್ದರಿಂದಲೇ ಎಡದಿಂದ ಎಣಿಸುವುದನ್ನು ಬಿಟ್ಟು ಬಲದಿಂದ ಎಣಿಸಬೇಕು. ಆಡಳಿತದ ಗಡಿಗಳು ಬದಲಾದಾಗ ವಿಳಾಸದ ಎಡಭಾಗ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಫೈಲಿನ ಹತ್ತಿರದ ಬಲಭಾಗ, ಅಂದರೆ ಊರು, ವರ್ಗ, ಹೆಸರು, ಬಹುಪಾಲು ಇದ್ದಲ್ಲೇ ಇರುತ್ತದೆ. ಅದಕ್ಕೆ ಸೂತ್ರ:

([^/]+)/([^/]+)/([^/]+)$

ದುಂಡು ಕಂಸದೊಳಗೆ ಸಿಕ್ಕಿದ್ದನ್ನು ಯಂತ್ರ ಬೇರೆಯಾಗಿ ಎತ್ತಿಡುತ್ತದೆ. ಕೊನೆಯ $ ಚಿಹ್ನೆ ‘ಸಾಲು ಇಲ್ಲಿಗೆ ಮುಗಿಯಬೇಕು’ ಎಂದು ಹೇಳುವುದರಿಂದ ಮೂರೂ ತುಂಡುಗಳು ಬಲತುದಿಗೆ ಕಟ್ಟುಬೀಳುತ್ತವೆ. ಈಗ ಎರಡೂ ಸಾಲುಗಳಲ್ಲಿ ಮೊದಲ ಕಂಸಕ್ಕೆ ಮಸ್ಕಿ, ಎರಡನೆಯದಕ್ಕೆ ಶಾಸನ, ಮೂರನೆಯದಕ್ಕೆ ಫೈಲಿನ ಹೆಸರು ಸಿಗುತ್ತವೆ. ತಾಲ್ಲೂಕು ಯಾವುದೆಂಬ ಪ್ರಶ್ನೆಗೆ ಉತ್ತರ ವಿಳಾಸದಲ್ಲಿ ಹುಡುಕಬೇಕಾದುದಲ್ಲ. ಯಾವ ವರ್ಷದ ಲೆಕ್ಕದಲ್ಲಿ ಎಂದು ಕೇಳಿ ಬೇರೆ ಕೋಷ್ಟಕದಿಂದ ತುಂಬಬೇಕಾದುದು.

ಹಿರಿಯರು: ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲೆ ಬ್ರಾಹ್ಮೀ ಬರಹವನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಪ್ರಕಟಿಸಿದರು. ಬೇರೆಡೆಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ತಿಳಿದಿದ್ದ ಅರಸನಿಗೆ ಅಶೋಕ ಎಂಬ ಹೆಸರು ಅವನದೇ ಶಾಸನದಲ್ಲಿ ದೊರೆತದ್ದು ಅಲ್ಲಿ ಮೊದಲು. ಅಂಥ ಬರಹವನ್ನು ಓದುವವರಿಗೆ ಇಂದಿನ ಅಚ್ಚಿನಲ್ಲಿರುವಂತೆ ಪದಪದದ ನಡುವೆ ಬಿಡುವು ಸಿಗುವುದಿಲ್ಲ. ಎಲ್ಲಿ ಬಿರುದು ಮುಗಿಯಿತು, ಎಲ್ಲಿ ಹೆಸರು ತೊಡಗಿತು ಎಂಬುದನ್ನು ಪ್ರಾಕೃತದ ವಿಭಕ್ತಿ ತಿಳಿದವರೇ ನಿರ್ಧರಿಸಬೇಕು. ನೀನು ಹೇಳುವ ಸೂತ್ರಕ್ಕೆ ಆ ಬಂಡೆಯ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ.

ಕಿರಿಯರು: ನಿಜ. ಪದಚ್ಛೇದಕ್ಕೆ ಭಾಷೆ ಗೊತ್ತಿರಬೇಕು. ರೆಜೆಕ್ಸಿಗೆ ಭಾಷೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬರೆದವರು ಗೆರೆ ಎಳೆದಿಟ್ಟಲ್ಲಿ ಮಾತ್ರ ಅದರ ಅಧಿಕಾರ ನಡೆಯುತ್ತದೆ, ಗೆರೆ ಅಳಿಸಿದಲ್ಲಿ ಅದು ನಿಲ್ಲುತ್ತದೆ. ತಮ್ಮ ಪಟ್ಟಿಯಲ್ಲೂ ಅಂಥದೊಂದು ಜಾಗವಿದೆ. ಪಹಣಿಯ ಫೈಲುಗಳಿಗೆ 45-2 ಎಂದು ಹೆಸರಿಟ್ಟಿದೆ. ಪಹಣಿಯ ಮೇಲೆ ಇರುವುದು ಹೇಗೆ?

ಹಿರಿಯರು: ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದ ಮೇಲೆ ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂಬ ಮೂರನ್ನೂ ಸೇರಿಸಿ 45/*/2 ಎಂದು ಬರೆಯುತ್ತಾರೆ. ಹಿಸ್ಸಾ ಎಂದರೆ ಆ ನಂಬರಿನ ಒಂದು ಪಾಲು, ಸರ್ನೋಕ್ ಎಂಬುದು ಸರ್ವೆ ನಂಬರಿನ ಜೊತೆಗೆ ಬರುವ ಉಪಸೂಚಕ. ಪ್ರತ್ಯೇಕವಾಗಿ ಏನೂ ಇಲ್ಲದಿದ್ದಾಗ ಅಲ್ಲಿ ನಕ್ಷತ್ರ ಹಾಕುತ್ತಾರೆ. ರೈತರ ಬಾಯಲ್ಲಿ ಅದು ನಲವತ್ತೈದು ಬಾರ್ ಎರಡು.

ಕಿರಿಯರು: ಫೈಲಿನ ಹೆಸರಾಗಿ 45/*/2 ಎಂದು ಬರೆಯಲು ಬರುವುದಿಲ್ಲ. ಓರೆಗೆರೆ ಎಲ್ಲೆಡೆಯೂ ನಿಷಿದ್ಧ, ವಿಂಡೋಸಿನಲ್ಲಿ ನಕ್ಷತ್ರವೂ ನಿಷಿದ್ಧ. ಆದ್ದರಿಂದ ಯಾರೋ ಅಡ್ಡಗೆರೆ ಹಾಕಿ 45-2 ಮಾಡಿದರು. ಈಗ ಅದು 45ನೆಯ ಸರ್ವೆ ನಂಬರಿನ 2ನೆಯ ಹಿಸ್ಸೆಯೋ, ಅಥವಾ 45ನೆಯ ಸರ್ವೆ ನಂಬರಿನ ಪಹಣಿಯ ಎರಡನೆಯ ಪುಟವೋ? ಇನ್ನೊಂದು ಕಡೆ 45-47 ಎಂದಿದ್ದರೆ ಅದು 47ನೆಯ ಹಿಸ್ಸೆಯೋ, 45ರಿಂದ 47ರವರೆಗಿನ ಮೂರು ನಂಬರುಗಳ ಒಟ್ಟು ಪ್ರತಿಯೋ? ಅಶೋಕನ ಶಾಸನ-1 ಎಂಬಲ್ಲಿ ಅದೇ ಅಡ್ಡಗೆರೆ ಚಿತ್ರದ ಕ್ರಮಸಂಖ್ಯೆಗೆ ನಿಂತಿದೆ. ಯಾವ ಸೂತ್ರವೂ ಇದನ್ನು ಬಿಡಿಸಲಾರದು, ಏಕೆಂದರೆ ಬಿಡಿಸಬೇಕಾದ ವ್ಯತ್ಯಾಸ ಹೆಸರಿನಲ್ಲೇ ಉಳಿದಿಲ್ಲ.

ಹಿರಿಯರು: ಹೆಸರಿಡುವಾಗಲೇ ಎಚ್ಚರ ಬೇಕಿತ್ತು. ಅದಿರಲಿ, ಪಹಣಿಯ ಒಳಗಿನ ಪಠ್ಯದಲ್ಲಿ 45/*/2 ಎಂಬುದನ್ನೇ ಹುಡುಕಬೇಕಾದರೆ ಅದನ್ನೇ ಸೂತ್ರವಾಗಿ ಕೊಡಬಹುದೇ?

ಕಿರಿಯರು: ಕೊಟ್ಟರೆ ವಿಚಿತ್ರವೊಂದು ನಡೆಯುತ್ತದೆ. ಸೂತ್ರಭಾಷೆಯಲ್ಲಿ ನಕ್ಷತ್ರ ಎಂದರೆ ‘ಹಿಂದಿನ ಸಂಕೇತ ಎಷ್ಟು ಸಲವಾದರೂ ಬರಲಿ, ಬರದೆಯೂ ಇರಲಿ’ ಎಂದರ್ಥ; ಕ್ಲೀನಿಯವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಆದ್ದರಿಂದ 45/*/2 ಎಂಬ ಸೂತ್ರ 45/2 ಎಂಬುದನ್ನು ಹಿಡಿಯುತ್ತದೆ, 45//2 ಎಂಬುದನ್ನೂ ಹಿಡಿಯುತ್ತದೆ. ಹಿಡಿಯದೆ ಬಿಡುವುದು 45/*/2 ಎಂಬುದನ್ನೇ! ನಕ್ಷತ್ರವನ್ನು ನಕ್ಷತ್ರವಾಗಿಯೇ ಓದಬೇಕೆಂದಿದ್ದರೆ ಅದರ ಹಿಂದೆ ಹಿಂಗೆರೆ ಹಾಕಬೇಕು: 45/\*/2. ಅಂಕಿಗಳ ವಿಷಯದಲ್ಲೂ ಎಚ್ಚರ ಬೇಕು. ಜವಳಗೇರಾದ ಫೈಲಿಗೆ ೪೫-೨ ಎಂದೂ ಕ್ಯಾಂಪಿನ ಫೈಲಿಗೆ 45-2 ಎಂದೂ ಹೆಸರಿದೆ. ಅಂಕಿಗಾಗಿ ಇರುವ ಸಿದ್ಧ ಸಂಕ್ಷೇಪ ಪೈಥಾನಿನಲ್ಲಿ ಎರಡನ್ನೂ ಒಪ್ಪುತ್ತದೆ, ಜಾವಾಸ್ಕ್ರಿಪ್ಟಿನಲ್ಲಿ ಕನ್ನಡ ಅಂಕಿಯನ್ನು ಒಪ್ಪುವುದಿಲ್ಲ. ಎರಡನ್ನೂ ಕಂಠೋಕ್ತವಾಗಿ ಹೇಳುವುದೇ ಸುರಕ್ಷಿತ: [0-9೦-೯]+.

ಹಿರಿಯರು: ಆರ್.ಎಚ್. ಕ್ಯಾಂಪಿನ ಸಾಲಿನಲ್ಲಿ ಚುಕ್ಕೆಗಳಿವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟ ಪುನರ್ವಸತಿ ಕ್ಯಾಂಪುಗಳಿಗೆ ಇಂದಿಗೂ ಆ ಹೆಸರೇ ಉಳಿದಿದೆ, ಅದನ್ನು ಬದಲಿಸುವುದು ಸರಿಯಲ್ಲ. ಚುಕ್ಕೆಯ ನಂತರದ್ದು ಫೈಲಿನ ಬಗೆ ಎಂದು ಹೇಳಿದರೆ ಯಂತ್ರ ಗಲಿಬಿಲಿಗೊಳ್ಳುವುದಿಲ್ಲವೇ?

ಕಿರಿಯರು: ಗಲಿಬಿಲಿಗೊಳ್ಳುತ್ತದೆ. ಸೂತ್ರದಲ್ಲಿ ಬರಿಯ ಚುಕ್ಕೆ ‘ಯಾವುದಾದರೂ ಒಂದು ಸಂಕೇತ’ ಎಂದಾಗುವುದರಿಂದ ಮೊದಲು ಅದಕ್ಕೂ ಹಿಂಗೆರೆ ಬೇಕು. ಕೊನೆಯ ಚುಕ್ಕೆಯ ನಂತರದ್ದನ್ನು ತೆಗೆ ಎಂಬುದಕ್ಕೆ \.([^.]+)$ ಎಂದು ಬರೆದರೆ 45-2.ಪಿಡಿಎಫ್ ಸರಿಯಾಗಿ ಬಿಡುತ್ತದೆ. ಆದರೆ ಅದೇ ಕ್ಯಾಂಪಿನ ಫೋಲ್ಡರಿನಲ್ಲಿ ಬಗೆಯ ಸೂಚನೆಯಿಲ್ಲದ ‘ಪಟ್ಟಿ’ ಎಂಬ ಫೈಲು ಇದ್ದರೆ ‘ಕ್ಯಾಂಪ್-3/ಪಟ್ಟಿ’ ಎಂಬುದನ್ನೇ ಅದು ಫೈಲಿನ ಬಗೆ ಎಂದು ಎತ್ತಿಕೊಡುತ್ತದೆ. \.([^./]+)$ ಎಂದು ಓರೆಗೆರೆಯನ್ನೂ ನಿಷೇಧಕ್ಕೆ ಸೇರಿಸಿದರೆ ಆ ತಪ್ಪು ನಿಲ್ಲುತ್ತದೆ. ಇಲ್ಲೂ ಕಾಪಾಡುವುದು ಅದೇ ಗೆರೆ.

ಹಿರಿಯರು: ಕೆಲವರು ವಿಂಡೋಸಿನಿಂದ ಕಳಿಸಿದ ಪಟ್ಟಿಗಳಲ್ಲಿ ಗೆರೆಗಳೇ ಎಡಕ್ಕೆ ಬಾಗಿವೆಯಲ್ಲ?

ಕಿರಿಯರು: ಡಾಸ್ ವ್ಯವಸ್ಥೆಗೆ 1983ರಲ್ಲಿ ಫೋಲ್ಡರುಗಳು ಬಂದಾಗ ಓರೆಗೆರೆ ಅಲ್ಲಿ ಆಗಲೇ ಆಜ್ಞೆಗಳ ಆಯ್ಕೆಗಳಿಗೆ ಮೀಸಲಾಗಿತ್ತು, ಹಾಗಾಗಿ ಹಿಂಗೆರೆ ಬಂತು, ಅದೇ ವಿಂಡೋಸಿನಲ್ಲಿ ಮುಂದುವರಿಯಿತು. ಸೂತ್ರಭಾಷೆಯಲ್ಲಿ ಹಿಂಗೆರೆಗೆ ಬೇರೆ ಕೆಲಸವಿರುವುದರಿಂದ ಅದನ್ನು ಎರಡು ಸಲ ಬರೆಯಬೇಕು. [^\\/]+ ಎಂದರೆ ಎರಡೂ ಬಗೆಯ ವಿಳಾಸಗಳು ಬಿಡುತ್ತವೆ. ಪಟ್ಟಿ ಯಾವ ವ್ಯವಸ್ಥೆಯಿಂದ ಬಂದದ್ದೆಂದು ಖಚಿತವಾಗಿ ಗೊತ್ತಿದ್ದರೆ ಆಯಾ ಭಾಷೆಯಲ್ಲಿ ವಿಳಾಸ ಬಿಡಿಸುವುದಕ್ಕೆಂದೇ ಇರುವ ಸಿದ್ಧ ಸಾಧನವನ್ನು ಬಳಸುವುದೇ ಲೇಸು. ಬೆರಕೆ ಪಟ್ಟಿಗೆ ಮತ್ತು ಹೆಸರಿನ ಒಳಗಿನ ವಿವರಕ್ಕೆ ರೆಜೆಕ್ಸ್ ಬೇಕಾಗುತ್ತದೆ.

ಹಿರಿಯರು: ಇಷ್ಟೆಲ್ಲ ಆದ ಮೇಲೆ ಊರುಗಳ ಅಂಕಣವನ್ನು ಅಕಾರಾದಿಯಾಗಿ ಜೋಡಿಸಿದಾಗ ಗೋರೇಬಾಳ ಎರಡು ಸಲ ಬರುತ್ತಿದೆ. ಎರಡರಲ್ಲೂ ಕಾಗುಣಿತ ಒಂದೇ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಕಾಣುವುದಿಲ್ಲ.

ಕಿರಿಯರು: ಒಂದು ಹೆಸರು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ ಬಂದಿರಬೇಕು. ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡಿನ ದೃಷ್ಟಿಯಲ್ಲಿ ಎರಡೂ ಸಮಾನ, ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ರೆಜೆಕ್ಸಿಗೆ ಸಮಾನವಲ್ಲ. ಗೋರೇಬಾಳ ಒಂದು ಕಡೆ ಏಳು ಸಂಕೇತ, ಇನ್ನೊಂದು ಕಡೆ ಹತ್ತು. ಮ್ಯಾಕಿನ ಹಿಂದಿನ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಕೂಡಿಡುತ್ತಿತ್ತು. ಇದರ ಜೊತೆಗೆ ಒತ್ತಕ್ಷರವಾಗದಂತೆ ತಡೆಯಲು ಕೀಲಿಮಣೆಗಳು ಹಾಕುವ ಅಗಲವಿಲ್ಲದ ಒಂದು ಸಂಕೇತವಿದೆ. ‘ಆರ್’ ಮತ್ತು ‘ಎಚ್’ ನಡುವೆ ಅದಿದ್ದರೂ ಇಲ್ಲದಿದ್ದರೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಕ್ಯಾಂಪುಗಳು. ವಿಳಾಸಗಳನ್ನು ಬಿಡಿಸಿದ ಮೇಲೆ, ಹೋಲಿಸುವ ಮೊದಲು, ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತಂದು, ಈ ಕಾಣದ ಸಂಕೇತವನ್ನು ಹೋಲಿಕೆಯ ಪ್ರತಿಯಿಂದ ತೆಗೆಯಬೇಕು.

ಹಿರಿಯರು: ಹೋಲಿಕೆಯ ಪ್ರತಿಯಿಂದ ಮಾತ್ರವೇ? ಮೂಲದಿಂದಲೇ ತೆಗೆದರೆ ಏನಾಗುತ್ತದೆ?

ಕಿರಿಯರು: ಮೂಲದ ವಿಳಾಸದಲ್ಲಿ ಒಂದು ಸಂಕೇತ ಬದಲಾದರೂ ಕಂಪ್ಯೂಟರಿಗೆ ಆ ಫೈಲು ಸಿಗುವುದಿಲ್ಲ. ಆದ್ದರಿಂದ ಕೋಷ್ಟಕದ ಮೊದಲ ಅಂಕಣದಲ್ಲಿ ವಿಳಾಸ ಇದ್ದಂತೆಯೇ ಇರಲಿ. ಊರು, ವರ್ಗ, ಹೆಸರು, ಬಗೆ ಎಂಬ ಅಂಕಣಗಳನ್ನು ಸೂತ್ರ ತುಂಬಲಿ. ಸರ್ವೆ ನಂಬರ್ ಮತ್ತು ಹಿಸ್ಸಾ ಎಂಬ ಎರಡು ಅಂಕಣಗಳು ಸದ್ಯಕ್ಕೆ ಖಾಲಿ ಇರಲಿ. 45-2 ಎಂಬಂಥ ಹೆಸರುಗಳನ್ನೆಲ್ಲ ^[0-9೦-೯]+-[0-9೦-೯]+\. ಎಂಬ ಸೂತ್ರದಿಂದ ಒಂದೆಡೆ ಆರಿಸಿ ಕೊಡಬಹುದು, ಆದರೆ ಅವುಗಳ ಅರ್ಥವನ್ನು ಪಹಣಿ ತೆರೆದು ಓದಿಯೇ ಬರೆಯಬೇಕು.

ಹಿರಿಯರು: ಹಾಗೆಯೇ ಆಗಲಿ. ಜವಳಗೇರಾದ ಪಹಣಿಗಳಿಂದ ತೊಡಗೋಣ; ಅಲ್ಲಿ ಅಂಕಿಗಳು ಕನ್ನಡದಲ್ಲಿವೆ, ಹಿಸ್ಸೆಗಳೂ ಹೆಚ್ಚಿವೆ. ಆರಿಸಿದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೊಡು, ತಮ್ಮಾ, ಮತ್ತು ಪ್ರತಿ ಸಾಲಿನ ಪಕ್ಕದಲ್ಲಿ ಹಿಸ್ಸೆ ಬರೆಯಲು ಸಾಕಷ್ಟು ಜಾಗ ಬಿಡು.